ಮೂರು ಪಾಳಿಯ ಮನೆಯಲ್ಲಿ ದಿನದ ಧ್ಯಾನ

ಪುಣೆಯ ಪಕ್ಕದ ಪಿಂಪ್ರಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಎರಡು ಕಾಗದಗಳನ್ನು ಕೈಗೆ ಕೊಡುವ ವಾಡಿಕೆಯಿದೆ. ಒಂದು, ಆ ವರ್ಷದ ವಾಗ್ದಾನ ವಾಕ್ಯದ ಚೀಟಿ; ಇನ್ನೊಂದು, ಒಂದೇ ವರ್ಷದಲ್ಲಿ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವ ಪಟ್ಟಿ. ಚೀಟಿ ಫ್ರಿಜ್ಜಿನ ಬಾಗಿಲು ಸೇರುತ್ತದೆ, ಪಟ್ಟಿ ಸತ್ಯವೇದದ ಹಾಳೆಗಳ ನಡುವೆ ಹೋಗುತ್ತದೆ. 66 ಪುಸ್ತಕಗಳ 1,189 ಅಧ್ಯಾಯಗಳನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು ಬೀಳುತ್ತದೆ. ಕೇಳುವುದಕ್ಕೆ ಇದೇನೂ ಭಾರವೆನಿಸುವುದಿಲ್ಲ. ಆದಿಕಾಂಡ ತಾನಾಗಿಯೇ ಓದಿಸಿಕೊಂಡು ಹೋಗುತ್ತದೆ, ವಿಮೋಚನಕಾಂಡದ ಮೊದಲರ್ಧವೂ ಹಾಗೆಯೇ. ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಎದುರಾಗುತ್ತದೆ. ಚರ್ಮದ ಮೇಲಿನ ಮಚ್ಚೆಯನ್ನು ಯಾಜಕನು ಹೇಗೆ ಪರೀಕ್ಷಿಸಬೇಕೆಂದು ವಿವರಿಸುವ ಹದಿಮೂರನೆಯ ಅಧ್ಯಾಯದ ಆಸುಪಾಸಿನಲ್ಲಿ ಎಷ್ಟೋ ಮಂದಿ ನಿಂತುಬಿಡುತ್ತಾರೆ, ಮತ್ತು ಹಾಗೆ ನಿಂತದ್ದನ್ನು ಯಾರಿಗೂ ಹೇಳುವುದಿಲ್ಲ.

ಇಂಥ ಪಟ್ಟಿಗಳಲ್ಲಿ ಬಹಳ ಹೆಸರಾದದ್ದು ಸ್ಕಾಟ್‌ಲೆಂಡಿನ ಡಂಡೀ ಊರಿನ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ಸಿದ್ಧಪಡಿಸಿದ್ದು. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುವಂತೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳನ್ನು ಅವರು ನಿಗದಿಪಡಿಸಿದ್ದರು. ಅವರ ಪಟ್ಟಿಯನ್ನು ಇಂದಿಗೂ ಅಚ್ಚುಮಾಡಿ ಹಂಚುವವರು ಅದರ ಜೊತೆಗೆ ಅವರೇ ಬರೆದಿದ್ದ ಎಚ್ಚರಿಕೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇದು ಬರಿಯ ಔಪಚಾರಿಕತೆಯಾಗಬಹುದು, ಓದಿದವನಲ್ಲಿ ನಾನು ನೀತಿವಂತನೆಂಬ ಹಮ್ಮು ಹುಟ್ಟಿಸಬಹುದು, ಅಧ್ಯಾಯ ಮುಗಿಸುವ ಆತುರದಲ್ಲಿ ಓದು ಅಜಾಗರೂಕವಾಗಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು ಎಂದು ಅವರು ಅಪಾಯಗಳನ್ನು ಒಂದೊಂದಾಗಿ ಬರೆದಿಟ್ಟಿದ್ದರು. ಮರುವರ್ಷ ತಮ್ಮ 29ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ಯುವಕ ಸಭಾಪಾಲಕರು ಎಣಿಸಿದ ಈ ನಾಲ್ಕು ಅಪಾಯಗಳಲ್ಲಿ ಕೊನೆಯದೇ ದುಡಿಯುವ ಜನರ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನನಗೆ ಅನಿಸುತ್ತದೆ.

ನಮ್ಮದು ಅಂಥ ಒಂದು ಮನೆ. ನಾನು ಚಾಕಣದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರಿಗೂ ಪಾಳಿಯ ಕೆಲಸ. ಒಂದು ವಾರ ಬೆಳಗಿನ ಪಾಳಿ, ಮರುವಾರ ಮಧ್ಯಾಹ್ನದ್ದು, ಅದರ ಮರುವಾರ ರಾತ್ರಿಯದು; ನಮ್ಮಿಬ್ಬರ ವಾರಗಳು ಒಂದಕ್ಕೊಂದು ಹೊಂದುವುದು ಅಪರೂಪ. ಹೀಗಿರುವಾಗ, ಕರ್ತನಾದ ಯೇಸು ಮುಂಜಾನೆ ಇನ್ನೂ ಮೊಬ್ಬಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದನೆಂಬ ಮಾರ್ಕನ ಮೊದಲ ಅಧ್ಯಾಯದ ವಾಕ್ಯವನ್ನು ಹಿಡಿದು, ಬೆಳಿಗ್ಗೆ ಐದಕ್ಕೆ ಏಳದವನಿಗೆ ಆತ್ಮಿಕ ಬೆಳವಣಿಗೆಯೇ ಇಲ್ಲವೆಂಬಂತೆ ಮಾಡುವ ಪ್ರಸಂಗಗಳನ್ನು ಕೇಳಿದಾಗ, ಬೆಳಿಗ್ಗೆ ಆರರವರೆಗೆ ಗೇಜು ಹಿಡಿದು ನಿಂತಿರುವ ಮನುಷ್ಯನು ಏನು ಮಾಡಬೇಕೆಂದು ಕೇಳಬೇಕೆನಿಸುತ್ತದೆ. ಅದೇ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಆತನು ಜನರನ್ನು ಕಳುಹಿಸಿಬಿಟ್ಟು ಸಂಜೆಯ ಹೊತ್ತಿಗೆ ಪ್ರಾರ್ಥನೆಗೆಂದು ಬೆಟ್ಟ ಹತ್ತುತ್ತಾನೆ. ಲೂಕನ ಆರನೆಯ ಅಧ್ಯಾಯದಲ್ಲಿ ರಾತ್ರಿಯೆಲ್ಲಾ ಪ್ರಾರ್ಥಿಸುತ್ತಾನೆ. ಹೊತ್ತಿನ ವಿಷಯದಲ್ಲಿ ಸುವಾರ್ತೆಗಳು ನಮ್ಮ ಪ್ರಸಂಗಿಗಳಷ್ಟು ಬಿಗಿಯಾಗಿಲ್ಲ.

ಗಡಿಯಾರಕ್ಕೆ ಕಟ್ಟಿದ ಅಭ್ಯಾಸ ಪಾಳಿ ಬದಲಾದ ದಿನವೇ ಬಿದ್ದುಹೋಗುತ್ತದೆ. ದಿನವೂ ಹೇಗಿದ್ದರೂ ಮಾಡಲೇಬೇಕಾದ ಒಂದು ಕೆಲಸಕ್ಕೆ ಕಟ್ಟಿದ ಅಭ್ಯಾಸ ಉಳಿಯುತ್ತದೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಬೇಕು. ದೇವರ ಮಾತುಗಳನ್ನು ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತನಾಡಿಕೊಳ್ಳಬೇಕೆಂದು ಅಲ್ಲಿದೆಯೇ ಹೊರತು ಇಂಥ ಗಳಿಗೆಯಲ್ಲಿ ಎಂದಿಲ್ಲ. ಕೂತು, ನಡೆದು, ಮಲಗಿ, ಎದ್ದು ಮಾಡದ ಮನುಷ್ಯನಿಲ್ಲವಾದ್ದರಿಂದ ರಾತ್ರಿ ಪಾಳಿಯವನೂ ಆ ಆಜ್ಞೆಯ ಹೊರಗೆ ಉಳಿಯುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿದೆ. ಅವರು 96 ಮಂದಿಗೆ ಒಂದೊಂದು ಚಿಕ್ಕ ಕೆಲಸವನ್ನು ಆರಿಸಿಕೊಂಡು, ಅದನ್ನು ಬೆಳಗಿನ ತಿಂಡಿಯ ನಂತರ ಎಂಬಂತೆ ದಿನದ ಒಂದು ಸಂದರ್ಭಕ್ಕೆ ಸೇರಿಸಿ ಮಾಡಲು ಹೇಳಿದರು. ಆ ಕೆಲಸ ತಾನಾಗಿಯೇ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು; ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ನೆಲೆಗೊಂಡಿತು, ವ್ಯಾಯಾಮದಂಥದ್ದು ತಡವಾಯಿತು. ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಮಾಡಿದರೆ ಜೀವನಪರ್ಯಂತ ಪ್ರಾರ್ಥನೆಯ ಅಭ್ಯಾಸ ಬಂದುಬಿಡುತ್ತದೆಂದು ಹೇಳುವವರು ಈ ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ನನ್ನ ಓದನ್ನು ನಾನು ಕಟ್ಟಿರುವುದು ಊಟದ ಡಬ್ಬಿಗೆ. ಪಾಳಿ ಯಾವುದಾದರೂ ಡಬ್ಬಿಯಂತೂ ತೆರೆಯಲೇಬೇಕು. ಡಬ್ಬಿಯ ಚೀಲದ ಹೊರಜೇಬಿನಲ್ಲಿ ಅಂಗೈಯಗಲದ ಹೊಸ ಒಡಂಬಡಿಕೆಯಿದೆ, ಅದರ ರಟ್ಟಿನ ಒಂದು ಮೂಲೆಗೆ ಉಪ್ಪಿನಕಾಯಿಯ ಎಣ್ಣೆ ಹತ್ತಿ ಕಂದುಬಣ್ಣಕ್ಕೆ ತಿರುಗಿದೆ. ಕ್ಯಾಂಟೀನಿನ ಕೊನೆಯ ಮೇಜಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒಂದು ಭಾಗ, ಅಂದರೆ ಒಂದು ತಲೆಬರಹದ ಕೆಳಗಿನ ಹತ್ತು ಹದಿನೈದು ವಚನಗಳನ್ನು ಓದುತ್ತೇನೆ. ಓದಿದ್ದರಲ್ಲಿ ಒಂದು ಮಾತನ್ನು ಹಿಡಿದುಕೊಂಡು ಅದನ್ನೇ ಊಟದ ಮುಂಚಿನ ಪ್ರಾರ್ಥನೆಯಾಗಿ ತಿರುಗಿಸುತ್ತೇನೆ. ಎಲ್ಲ ಸೇರಿ ಕೈ ತೊಳೆದು ಬರುವಷ್ಟು ಹೊತ್ತೂ ಆಗುವುದಿಲ್ಲ. ಇಷ್ಟು ಕಡಿಮೆ ಓದಿದರೆ ಯಾವ ಕಾಲಕ್ಕೆ ಮುಗಿದೀತು ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳಬಹುದು. ಹೊಸ ಒಡಂಬಡಿಕೆಯಲ್ಲಿ ಇರುವುದು 260 ಅಧ್ಯಾಯಗಳು. ವಾರದಲ್ಲಿ ಐದು ದಿನ ದಿನಕ್ಕೊಂದು ಅಧ್ಯಾಯ ಓದಿ ಎರಡು ದಿನ ಖಾಲಿ ಬಿಟ್ಟರೂ 52 ವಾರಗಳಲ್ಲಿ ಸರಿಯಾಗಿ ಮುಗಿಯುತ್ತದೆ. ನನ್ನಂತೆ ಅದಕ್ಕಿಂತಲೂ ನಿಧಾನವಾಗಿ ಓದುವವರಿಗೆ ಇನ್ನೊಂದೆರಡು ವರ್ಷ ಹೆಚ್ಚು ಹಿಡಿಯಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ. ಓದಲು ಹೊಸದಾಗಿ ಆರಂಭಿಸುವವರಿಗೆ ಹದಿನಾರೇ ಅಧ್ಯಾಯಗಳಿರುವ ಮಾರ್ಕನ ಸುವಾರ್ತೆಯನ್ನೋ, ಎಂಟೆಂಟು ವಚನಗಳ 22 ತುಂಡುಗಳಾಗಿ ತಾನೇ ವಿಂಗಡಗೊಂಡಿರುವ 119ನೆಯ ಕೀರ್ತನೆಯನ್ನೋ ಹೇಳುತ್ತೇನೆ.

ಬೆಳಗಾದರೆ ಹೂವಿನ ಚಿತ್ರದ ಮೇಲೆ ಒಂದು ವಾಕ್ಯ ಬರೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವ ಅಭ್ಯಾಸದ ಬಗ್ಗೆಯೂ ಇಲ್ಲಿ ಹೇಳಬೇಕು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕಳುಹಿಸಿದವರೂ ಓದದೆ, ಕೈಮುಗಿದ ಚಿಹ್ನೆ ಒತ್ತಿದವರೂ ಓದದೆ ಒಂದು ವಾಕ್ಯ ಹತ್ತು ಗುಂಪು ಸುತ್ತಿ ಬಂದರೆ ಅದನ್ನು ಧ್ಯಾನದ ಲೆಕ್ಕಕ್ಕೆ ಸೇರಿಸಬಾರದು ಎಂಬುದಷ್ಟೇ ನನ್ನ ಮಾತು.

ಪ್ರಾರ್ಥನೆಯ ವಿಷಯದಲ್ಲಿ ನಾನು ಕಂಡ ಅತ್ಯಂತ ಗಟ್ಟಿಯಾದ ಅಭ್ಯಾಸ ನನ್ನ ಅವ್ವನದು. ಹುಮನಾಬಾದಿನ ಕಡೆಯ ಹಳ್ಳಿಯಲ್ಲಿ ಬೆಳೆದ ಅವಳಿಗೆ ಓದು ಬರಹ ಬಾರದು. ಮೆಥಡಿಸ್ಟ್ ಸಭೆಯಲ್ಲಿ ಕೇಳಿ ಕೇಳಿ ಕಂಠಪಾಠವಾದ 23ನೆಯ ಮತ್ತು 121ನೆಯ ಕೀರ್ತನೆಗಳೇ ಅವಳ ಸತ್ಯವೇದ. ರಾಶಿ ಮುಗಿದ ಮೇಲೆ ಪುಣೆಗೆ ಬಂದು ನಮ್ಮೊಂದಿಗೆ ಕೆಲವು ತಿಂಗಳು ಇರುತ್ತಾಳೆ. ಬಂದ ದಿನದಿಂದ ರೊಟ್ಟಿ ಅವಳ ಕೈಯದೇ. ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯಲು ಆರಂಭಿಸುವಾಗ ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರು ಹಿಡಿಯುತ್ತಾಳೆ. ಮೊದಲನೆಯದು ಊರಿನಲ್ಲಿರುವ ನನ್ನ ಅಣ್ಣನದು, ಎರಡನೆಯದು ಅತ್ತಿಗೆಯದು, ಆಮೇಲೆ ಮೊಮ್ಮಕ್ಕಳು, ಆಮೇಲೆ ಹಾಸಿಗೆ ಹಿಡಿದಿರುವ ನೆರೆಯವರು. ರೊಟ್ಟಿ ಅಗಲವಾಗುತ್ತಾ ಹೋದಂತೆ ತುಟಿ ಅಲುಗುತ್ತಿರುತ್ತದೆ, ಅದನ್ನು ಹಂಚಿನ ಮೇಲೆ ಹಾಕಿ ನೀರು ಸವರುವಾಗ ಆ ಹೆಸರಿನ ಪ್ರಾರ್ಥನೆ ಮುಗಿಯುತ್ತದೆ. ನಡುವೆ ಯಾರಾದರೂ ಮಾತನಾಡಿಸಿದರೆ, "ಇದು ಸಣ್ಣಾಕಿ ರೊಟ್ಟಿ ಐತಿ, ತಡಿ, ಮಾತಾಡಸಬ್ಯಾಡ" ಎನ್ನುತ್ತಾಳೆ. ಸಣ್ಣಾಕಿ ಎಂದರೆ ನನ್ನ ಕಿರಿಯ ಮಗಳು. ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿದ, 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಅವರ ವಿಷಯವನ್ನು ನಾನು ಅವ್ವನಿಗೆ ಹೇಳಿದ್ದೆ. ಮಠದವರಿಗೆ ಮಕ್ಕಳು ಮೊಮ್ಮಕ್ಕಳಿಲ್ಲವಲ್ಲ, ಅವರು ಯಾರ ಹೆಸರು ಹಿಡಿಯುತ್ತಿದ್ದರು ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವ್ವನ ಈ ರೀತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಅಳತೆ. ಪ್ರತಿಯೊಂದು ಪ್ರಾರ್ಥನೆಗೂ ಒಂದು ಮೊದಲು, ಒಂದು ಕೊನೆ ಇದೆ. ಮರೆತುಹೋಗುವ ಪ್ರಶ್ನೆಯಿಲ್ಲ, ಏಕೆಂದರೆ ಉಂಡೆಗಳು ಎದುರಿಗೇ ಸಾಲಾಗಿ ಕೂತಿರುತ್ತವೆ. ಎಲ್ಲರಿಗಾಗಿ ಪ್ರಾರ್ಥಿಸುತ್ತೇನೆ ಎಂದು ಸಭೆಯಲ್ಲಿ ಮಾತು ಕೊಟ್ಟು ಬರುವ ನಮಗೆ ಈ ಸಾಲು ಬೇಕು. ಹೆಂಡತಿ ಇದನ್ನೇ ತನ್ನ ಕೆಲಸಕ್ಕೆ ಹೊಂದಿಸಿಕೊಂಡಿದ್ದಾಳೆ. ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಮುಂದೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಉಜ್ಜುವಷ್ಟು ಹೊತ್ತು ಆ ಹಾಸಿಗೆಯವರಿಗಾಗಿ ಮನಸ್ಸಿನಲ್ಲಿಯೇ ಒಂದು ಸಾಲಿನ ಪ್ರಾರ್ಥನೆ. ಯಾರಿಗೂ ಕಾಣುವುದಿಲ್ಲ, ಯಾರಿಗೂ ಹೇಳಬೇಕಾಗಿಲ್ಲ. ಮತ್ತಾಯನ ಆರನೆಯ ಅಧ್ಯಾಯ ಹೇಳುವ ಬಾಗಿಲು ಮುಚ್ಚಿದ ಕೋಣೆಯನ್ನು ಒಂದು ಕೋಣೆಯ ಮನೆಯಲ್ಲಿರುವವರು ಎಲ್ಲಿ ಹುಡುಕಬೇಕೆಂಬ ನನ್ನ ಹಳೆಯ ಪ್ರಶ್ನೆಗೆ ಅವಳ ಈ ಉಪಾಯದಿಂದ ಸಮಾಧಾನ ಸಿಕ್ಕಿದೆ.

ದಿನದ ಕೊನೆಯಲ್ಲಿ ಆ ದಿನವನ್ನು ದೇವರ ಮುಂದೆ ಹಿಂದಿರುಗಿ ನೋಡುವ ಪದ್ಧತಿ ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ ಅವರಿಂದ ಹೆಸರಾದದ್ದು. ನಮ್ಮ ಸಭೆಯ ಹಿರಿಯರೊಬ್ಬರು ಅದು ಕಥೋಲಿಕರದ್ದೆಂದು ಮೂಗು ಮುರಿದರು; ನಮ್ಮ ಮೆಥಡಿಸ್ಟ್ ಸಭೆಗೆ ಮೂಲರಾದ ಜಾನ್ ವೆಸ್ಲಿ ಮತ್ತು ಅವರ ಗೆಳೆಯರು ಆಕ್ಸ್‌ಫರ್ಡಿನಲ್ಲಿದ್ದಾಗ ತಮ್ಮನ್ನು ತಾವೇ ದಿನವೂ ಪ್ರಶ್ನೆಗಳ ಪಟ್ಟಿಯಿಂದ ಪರೀಕ್ಷಿಸಿಕೊಳ್ಳುತ್ತಿದ್ದರೆಂದು ಹೇಳಿದ ಮೇಲೆ ಸುಮ್ಮನಾದರು. ನಾನು ಇಟ್ಟುಕೊಂಡಿರುವುದು ಎರಡೇ ಪ್ರಶ್ನೆಗಳನ್ನು. ಇಂದು ಯಾವುದಕ್ಕಾಗಿ ಸ್ತೋತ್ರ ಹೇಳಬೇಕು? ಇಂದು ಯಾರ ಕ್ಷಮೆ ಕೇಳಬೇಕು? ಕಂಪನಿಯ ಬಸ್ಸು ನಾಶಿಕ್ ಫಾಟಾ ದಾಟುವಾಗ ಇವನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದಕ್ಕೆ ಉತ್ತರ ಬೇಗ ಸಿಗುತ್ತದೆ. ಎರಡನೆಯದಕ್ಕೂ ಬೇಗ ಸಿಗುತ್ತದೆ, ಆದರೆ ಅದು ಸಿಕ್ಕ ಮೇಲೆ ಫೋನು ಮಾಡಬೇಕಾಗುತ್ತದೆ. ರದ್ದಾದ ಮಾಲಿನ ವಿಷಯದಲ್ಲಿ ಆಪರೇಟರ್ ಒಬ್ಬನ ಮೇಲೆ ಎಲ್ಲರೆದುರಿಗೆ ಕೂಗಾಡಿ, ರಾತ್ರಿ ದೇವರಲ್ಲಿ ಮಾತ್ರ ಕ್ಷಮೆ ಕೇಳಿ ಮಲಗುವುದು ಸುಲಭ. ಸೂರ್ಯನು ಮುಳುಗುವುದಕ್ಕಿಂತ ಮುಂಚೆ ಸಿಟ್ಟು ತೀರಬೇಕೆಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಸೂರ್ಯ ಮುಳುಗಿದ ಮೇಲೆಯೇ ಕೆಲಸಕ್ಕೆ ಹೊರಡುವವರು ಅದನ್ನು ಬಸ್ಸು ನಿಲ್ಲುವುದಕ್ಕಿಂತ ಮುಂಚೆ ಎಂದು ಓದಿಕೊಳ್ಳಬೇಕು.

ಕುಟುಂಬ ಪ್ರಾರ್ಥನೆಯ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ನಾಲ್ವರೂ ಎಚ್ಚರವಾಗಿ ಮನೆಯಲ್ಲಿರುವ ಹೊತ್ತು ವಾರದಲ್ಲಿ ಅಲ್ಲಲ್ಲಿ ಮಾತ್ರ ಸಿಗುತ್ತದೆ. ಜಾನ್ ವೆಸ್ಲಿಯವರ ತಾಯಿ ಸುಸಾನಾ, ತುಂಬಿದ ಮನೆಯಲ್ಲಿ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆಂದು ಎತ್ತಿಟ್ಟು ಅದರೊಂದಿಗೆ ಪ್ರತ್ಯೇಕವಾಗಿ ಮಾತನಾಡುತ್ತಿದ್ದರು. ಜಾನ್‌ನ ಪಾಲಿಗೆ ಬಂದದ್ದು ಗುರುವಾರ. ನಮ್ಮಲ್ಲಿ ಎಲ್ಲರೂ ಕೂಡುವ ದಿನ ಎಲ್ಲರೂ, ಇಲ್ಲವಾದರೆ ಮನೆಯಲ್ಲಿರುವ ಒಬ್ಬರು ಮತ್ತು ಮಕ್ಕಳು ಎಂಬ ಏರ್ಪಾಡು. ಕೂತರೆ ಇನ್ನೊಂದು ತೊಡಕಿದೆ. ನಾವಿಬ್ಬರೂ ಕನ್ನಡದಲ್ಲಿ ಓದುತ್ತೇವೆ, ದೊಡ್ಡ ಮಗಳು ಶಾಲೆಯ ಇಂಗ್ಲಿಷಿನಲ್ಲಿ ಓದುತ್ತಾಳೆ, ಚಿಕ್ಕವಳಿಗೆ ನಾಗರಿ ಲಿಪಿಯೇ ಸಲೀಸಾದ್ದರಿಂದ ಅವಳ ಕೈಯಲ್ಲಿ ಮರಾಠಿಯ ಸತ್ಯವೇದ. ಮೊದಮೊದಲು ಎಲ್ಲರೂ ಕನ್ನಡದಲ್ಲಿಯೇ ಓದಬೇಕೆಂದು ನಾನು ಹಟ ಹಿಡಿದದ್ದುಂಟು. ಈಗ ಸರದಿಯಂತೆ ಎರಡೆರಡು ವಚನಗಳನ್ನು ಅವರವರ ಪುಸ್ತಕದಿಂದ ಓದುತ್ತೇವೆ, ಕೊನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಮಾತ್ರ ಎಲ್ಲರೂ ಕನ್ನಡದಲ್ಲಿ ಹೇಳುತ್ತೇವೆ. ಎರಡನೆಯ ಶತಮಾನದ ಹೊತ್ತಿಗಾಗಲೇ ಬಳಕೆಯಲ್ಲಿದ್ದ ದಿದಾಖೆ ಎಂಬ ಆದಿಸಭೆಯ ಬೋಧನಾ ಗ್ರಂಥ ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆನ್ನುತ್ತದೆ. ನಮ್ಮ ಮನೆಯಲ್ಲಿ ಒಂದು ಸಲ ನಡೆಯುತ್ತದೆ, ಮತ್ತು ಕಿರಿಯಳು ಅನುದಿನದ ಆಹಾರದ ಹತ್ತಿರ ಬಂದಾಗ ಅಡುಗೆಮನೆಯ ಕಡೆಗೆ ನೋಡುತ್ತಾಳೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಬ್ಬೊಬ್ಬರು ಅಥವಾ ಒಂದು ಮನೆಯವರು ಮಾಡಬಹುದಾದದ್ದು. ಆದರೆ ಒಂಟಿಯಾಗಿ ಹಿಡಿದ ಅಭ್ಯಾಸ ಬಹುಕಾಲ ಬಾಳುವುದನ್ನು ನಾನು ಕಂಡಿರುವುದು ಕಡಿಮೆ. ನಾವು ಮೆಥಡಿಸ್ಟರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿರಬೇಕಿತ್ತು. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಸಭಾಗೃಹದ ಸಾಲ ತೀರಿಸುವುದು ಹೇಗೆಂಬ ಚರ್ಚೆ ನಡೆದಾಗ, ಕ್ಯಾಪ್ಟನ್ ಫಾಯ್ ಎಂಬವರು ಪ್ರತಿಯೊಬ್ಬ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲೆಂದು ಸೂಚಿಸಿದರು. ಅಷ್ಟನ್ನೂ ಕೊಡಲಾರದ ಬಡವರಿದ್ದಾರೆಂದು ಬೇರೆಯವರು ಹೇಳಿದರು. ಹಾಗಾದರೆ ಹನ್ನೊಂದು ಮಂದಿ ಬಡವರನ್ನು ನನಗೆ ಒಪ್ಪಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರು ಕೊಡಲಾಗದ್ದನ್ನು ನಾನೇ ತುಂಬುತ್ತೇನೆ ಎಂದು ಫಾಯ್ ಒಪ್ಪಿಕೊಂಡರು. ಹೀಗೆ ಕಾಸು ಕೂಡಿಸಲು ಮನೆಮನೆಗೆ ಹೋದವರಿಗೆ ಒಳಗಿನ ಕುಡಿತ, ಜಗಳ, ಕಣ್ಣೀರು ಎಲ್ಲವೂ ಕಂಡವು. ಅದರಿಂದಲೇ ಸುಮಾರು ಹನ್ನೆರಡು ಮಂದಿಯ ಕ್ಲಾಸ್ ಮೀಟಿಂಗ್ ಎಂಬ ವಾರದ ಕೂಟ ರೂಪುಗೊಂಡಿತು, ನಿಮ್ಮ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವ ರೂಢಿ ಬೆಳೆಯಿತು. 1871ರಲ್ಲಿ ಮುಂಬಯಿಗೆ ಬಂದ ಮೆಥಡಿಸ್ಟ್ ಪ್ರಸಂಗಿ ವಿಲಿಯಂ ಟೇಲರ್ ಕೂಡ ತಮ್ಮ ಮಾತು ಕೇಳಿದವರನ್ನು ಮನೆಗಳಲ್ಲಿ ಸೇರುವ ಸಣ್ಣ ಕೂಟಗಳಾಗಿಯೇ ಕಟ್ಟಿದರು. ಇಂದು ನಮ್ಮ ಮನೆಕೂಟಗಳಲ್ಲಿ ಹಾಡು, ಪ್ರಸಂಗ, ಚಹಾ, ಉಪ್ಪಿಟ್ಟು ಎಲ್ಲವೂ ಇರುತ್ತವೆ. ಆ ಪ್ರಶ್ನೆಯೊಂದು ಇರುವುದಿಲ್ಲ. ನಾವು ಐದಾರು ಮಂದಿ, ಬಹುತೇಕ ಪಾಳಿಯವರೇ, ಭಾನುವಾರ ಆರಾಧನೆಯ ನಂತರ ಸಭಾಗೃಹದ ಹಿಂದಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ಅದನ್ನು ಕೇಳಿಕೊಳ್ಳುತ್ತಿದ್ದೇವೆ. ಓದಿದ್ದೆಷ್ಟು ಎಂದು ಯಾರೂ ವರದಿ ಒಪ್ಪಿಸಬೇಕಾಗಿಲ್ಲ.

ಪುಣೆಯಿಂದ ಕಲಬುರಗಿಯ ಕಡೆಗೆ ರೈಲಿನಲ್ಲಿ ಹೋಗುವ ಕನ್ನಡಿಗರಿಗೆ ದೌಂಡಿಗಿಂತ ಮೊದಲು ಕೇಡಗಾಂವ್ ನಿಲ್ದಾಣ ಕಾಣಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗೆ ಅಲ್ಲಿ ಆಸರೆ ಕೊಟ್ಟರು, 1922ರಲ್ಲಿ ತೀರಿಕೊಳ್ಳುವವರೆಗೆ ಸತ್ಯವೇದವನ್ನು ಮೂಲ ಭಾಷೆಗಳಿಂದ ಮರಾಠಿಗೆ ತರುವ ಕೆಲಸದಲ್ಲಿ ತೊಡಗಿದ್ದರು. 1905ರ ಜೂನ್ ಕೊನೆಯಲ್ಲಿ ಮುಕ್ತಿಯಲ್ಲಿ ಆದ ಉಜ್ಜೀವನದ ಸುದ್ದಿಯನ್ನು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ಅದಕ್ಕೆ ಮೊದಲು ಜನವರಿಯಲ್ಲಿ ರಮಾಬಾಯಿಯವರು ದಿನವೂ ಕೂಡಿ ಪ್ರಾರ್ಥಿಸಲು ಯಾರು ಸಿದ್ಧರೆಂದು ಕೇಳಿದಾಗ ಸುಮಾರು ಎಪ್ಪತ್ತು ಮಂದಿ ಮುಂದೆ ಬಂದದ್ದನ್ನೂ, ಜೂನ್ ಹೊತ್ತಿಗೆ ಅವರು 550 ಮಂದಿಯಾಗಿ ದಿನಕ್ಕೆರಡು ಬಾರಿ ಕೂಡುತ್ತಿದ್ದುದನ್ನೂ ಹೇಳುವವರು ಕಡಿಮೆ. ಬಾವಿ, ಹೊಲ, ಅಡುಗೆ, ಅಚ್ಚುಕೂಟದ ಕೆಲಸಗಳ ನಡುವೆ, ವಿಶೇಷವಾದದ್ದೇನೂ ಕಾಣದಿದ್ದ ಆ ಐದು ತಿಂಗಳುಗಳ ಬಗ್ಗೆಯೇ ನನಗೆ ಹೆಚ್ಚು ಕುತೂಹಲ.

ಇನ್ನು ತಪ್ಪಿಹೋದ ದಿನಗಳ ಮಾತು. ಮೊಬೈಲಿನ ಸತ್ಯವೇದ ಆ್ಯಪ್‌ಗಳು ಎಷ್ಟು ದಿನ ಬಿಡದೆ ಓದಿದಿರೆಂದು ಎಣಿಸಿ ತೋರಿಸುತ್ತವೆ, ಒಂದು ದಿನ ತೆರೆಯದಿದ್ದರೆ ಲೆಕ್ಕ ಸೊನ್ನೆಗೆ ಬರುತ್ತದೆ. ನಮ್ಮ ಸಭೆಯ ಯುವಕನೊಬ್ಬ ಆ ಸಂಖ್ಯೆ ಕೆಡಬಾರದೆಂದು ಮಧ್ಯರಾತ್ರಿಗೆ ಮುಂಚೆ ಆ್ಯಪ್ ತೆರೆದು ಮುಚ್ಚುತ್ತಿದ್ದನಂತೆ. ದೇವರ ಕೃಪೆ ಹೀಗೆ ಸೊನ್ನೆಗೆ ಬರುವುದಿಲ್ಲ. ಪ್ರಲಾಪಗಳ ಮೂರನೆಯ ಅಧ್ಯಾಯದ ಪ್ರಕಾರ ಅದು ದಿನದಿನವೂ ಹೊಸದು. ಮೇಲೆ ಹೇಳಿದ ಅಧ್ಯಯನದಲ್ಲಿಯೂ ಒಂದು ದಿನ ಬಿಟ್ಟದ್ದರಿಂದ ಅಭ್ಯಾಸ ಕಟ್ಟಿಕೊಳ್ಳುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಆದ್ದರಿಂದ ನಮ್ಮ ಕಟ್ಟೆಯ ಕೂಟದಲ್ಲಿ ಬಾಕಿ ಉಳಿದದ್ದನ್ನು ಸೇರಿಸಿ ಓದುವುದನ್ನು ನಿಷೇಧಿಸಿದ್ದೇವೆ. ಒಂದು ವಾರ ತಪ್ಪಿದವನು ಆ ವಾರದ ಏಳು ಭಾಗಗಳನ್ನು ಭಾನುವಾರ ಒಟ್ಟಿಗೆ ನುಂಗದೆ, ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಒಂದೇ ಭಾಗ ಓದಬೇಕು.

ರಾತ್ರಿ ಪಾಳಿಯ ಮೊದಲೆರಡು ದಿನಗಳಿಗೆ ನಮ್ಮ ಮನೆಯಲ್ಲಿ ಬೇರೆಯೇ ನಿಯಮವಿದೆ, ಅದು ಹೆಂಡತಿ ಮಾಡಿದ್ದು. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತನು ಎರಡು ಸಲ ಎಬ್ಬಿಸಿ ರೊಟ್ಟಿ ತಿನ್ನಿಸಿದನೇ ಹೊರತು ಉಪದೇಶ ಮಾಡಲಿಲ್ಲವೆಂಬುದು ಅವಳ ಆಧಾರ. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದವರು ಸಮಾಧಾನದಿಂದ ಮಲಗಿ ನಿದ್ರಿಸುವೆನೆಂಬ ನಾಲ್ಕನೆಯ ಕೀರ್ತನೆಯ ಕೊನೆಯ ವಚನವೊಂದನ್ನು ಹೇಳಿ, ಕಿಟಕಿಯ ಪರದೆ ಎಳೆದು ಮಲಗಬೇಕು. ಓದುವುದೇನಿದ್ದರೂ ಸಂಜೆ ಎದ್ದು ಚಹಾ ಕುಡಿದ ಮೇಲೆ.